ಹಳೆಯ ಯುದ್ಧವಿಮಾನ, ಟ್ಯಾಂಕುಗಳ ಮಾದರಿಯನ್ನು ನಿಖರವಾಗಿ ಕಟ್ಟಲು ಎಲ್ಲಿಂದ ಆರಂಭಿಸಬೇಕು?

ಪೆಟ್ಟಿಗೆಯಲ್ಲಿ ಬಂದ ಸೂಚನೆಗಳಂತೆ ಏಳೆಂಟು ಪ್ಲಾಸ್ಟಿಕ್ ಕಿಟ್‌ಗಳನ್ನು ಜೋಡಿಸಿ ಮುಗಿಸಿದ್ದೀರಿ ಎಂದೂ, ಈಗ ಎರಡನೆಯ ಮಹಾಯುದ್ಧದ ಒಂದು ವಿಮಾನವನ್ನೋ ಟ್ಯಾಂಕನ್ನೋ ಇತಿಹಾಸಕ್ಕೆ ಒಪ್ಪುವಂತೆ ಕಟ್ಟಬೇಕೆಂಬ ಆಸೆ ಇದೆ ಎಂದೂ ಬರೆದಿದ್ದೀರಿ. ಅದಕ್ಕೆ ದುಬಾರಿ ಕಿಟ್ ಬೇಕೇ, ಹಿತ್ತಾಳೆ ಮತ್ತು ರೆಸಿನ್ (ಎರಕ ಹೊಯ್ದ ಗಟ್ಟಿ ರಾಳ) ಬಿಡಿಭಾಗಗಳು ಬೇಕೇ, ಬಣ್ಣದ ಸಂಖ್ಯೆಗಳನ್ನು ಎಷ್ಟು ನಂಬಬೇಕು, ನಿಖರತೆಯ ಬೆನ್ನು ಹತ್ತಿ ಎಲ್ಲಿ ನಿಲ್ಲಬೇಕು ಎಂಬುದು ನಿಮ್ಮ ಪ್ರಶ್ನೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಕೆಲಸದಲ್ಲಿ ತೊಡಗಿಕೊಂಡಿರುವ ನಾನು ಮೊದಲು ಹೇಳುವುದು ಇಷ್ಟು: ಕಿಟ್ ಆರಿಸುವುದಕ್ಕೂ ಮುಂಚೆ ಒಂದು ಛಾಯಾಚಿತ್ರವನ್ನು ಆರಿಸಿಕೊಳ್ಳಿ. ಒಂದು ನಿರ್ದಿಷ್ಟ ಯಂತ್ರ, ಅದರ ಮೈಮೇಲೆ ಓದಲು ಬರುವ ಸಂಖ್ಯೆ ಅಥವಾ ಅಕ್ಷರ, ಸಾಧ್ಯವಾದರೆ ತೆಗೆದ ತಿಂಗಳು, ಇವಿಷ್ಟು ಇರುವ ಒಂದು ಚಿತ್ರ ಕೈಯಲ್ಲಿದ್ದರೆ ಉಳಿದ ಬಹುತೇಕ ಪ್ರಶ್ನೆಗಳಿಗೆ ಅದೇ ಉತ್ತರ ಕೊಡುತ್ತದೆ.

ಇದಕ್ಕೆ ಕಾರಣವಿದೆ. ಯುದ್ಧಕಾಲದಲ್ಲಿ ಒಂದು ಯಂತ್ರದ ವಿನ್ಯಾಸ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿತ್ತು. ಆದ್ದರಿಂದ 'ಒಂದು ಟೈಗರ್ ಟ್ಯಾಂಕ್' ಎಂದು ಮಾತ್ರ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಜರ್ಮನಿಯ ಟೈಗರ್ 1 ತಯಾರಾದದ್ದು 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ, ಬರೀ ಎರಡು ವರ್ಷ. ಅಷ್ಟರಲ್ಲೇ ಕಮಾಂಡರನ ತಲೆಯ ಮೇಲಿನ ಎತ್ತರದ ಡೋಲಿನಂಥ ಕ್ಯುಪೋಲಾ (ಸುತ್ತ ನೋಡಲು ಇರುವ ಸಣ್ಣ ಗೋಪುರ) ಹೋಗಿ 1943ರ ಬೇಸಿಗೆಯಲ್ಲಿ ತಗ್ಗಿನ ಎರಕದ ಕ್ಯುಪೋಲಾ ಬಂತು. ಅಯಸ್ಕಾಂತದ ಸಿಡಿಗುಂಡುಗಳು ಮೈಗೆ ಅಂಟದಿರಲೆಂದು ಬಳಿಯುತ್ತಿದ್ದ ಜಿಮ್ಮರಿಟ್ ಎಂಬ ಗೀರುಗೀರಾದ ಲೇಪ ಅದೇ ವರ್ಷದ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಆರಂಭವಾಯಿತು. 1944ರ ಆರಂಭದಲ್ಲಿ ರಬ್ಬರ್ ಅಂಚಿನ ಚಕ್ರಗಳ ಜಾಗಕ್ಕೆ ಉಕ್ಕಿನ ಅಂಚಿನವು ಬಂದವು. ಉತ್ತರ ಆಫ್ರಿಕದ ಟ್ಯುನೀಶಿಯಾದ ಹೋರಾಟ ಮುಗಿದದ್ದು 1943ರ ಮೇ ತಿಂಗಳಲ್ಲಿ. ಹಾಗಾಗಿ ಟ್ಯುನೀಶಿಯಾದ ಟೈಗರ್‌ಗೆ ಜಿಮ್ಮರಿಟ್ ಬಳಿದರೆ, ಆ ಲೇಪದ ಕೆಲಸ ಎಷ್ಟೇ ನಯವಾಗಿದ್ದರೂ, ಮಾದರಿ ತಪ್ಪು. 1943ರ ಏಪ್ರಿಲ್‌ನಲ್ಲಿ ಅಲ್ಲಿ ಸೆರೆಸಿಕ್ಕ 131ನೆಯ ಸಂಖ್ಯೆಯ ಟೈಗರ್ ಇಂಗ್ಲೆಂಡಿನ ಬವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿ ಇಂದಿಗೂ ಇದೆ; ಅದರ ಚಿತ್ರಗಳನ್ನು ಒಮ್ಮೆ ನೋಡಿದರೆ ಮೊದಲ ಹಂತದ ಟೈಗರ್ ಹೇಗಿತ್ತೆಂಬುದು ಸ್ಪಷ್ಟವಾಗುತ್ತದೆ. ಅಮೆರಿಕದ ಶರ್ಮನ್ ಟ್ಯಾಂಕಿನಲ್ಲಂತೂ ಒಂದೇ ಕಾಲದಲ್ಲಿ ಹಲವು ಆವೃತ್ತಿಗಳು ತಯಾರಾಗುತ್ತಿದ್ದವು: ಎಂ4ಎ1ರ ಎರಕದ ಒಡಲು ದುಂಡಗೆ, ಎಂ4ಎ3ರ ಬೆಸುಗೆಯ ಒಡಲು ಕೋನಕೋನವಾಗಿ, ಎಂ4ಎ4ರ ಎಂಜಿನ್ ದೊಡ್ಡದಾದ್ದರಿಂದ ಒಡಲೇ ಉದ್ದ, ಚಕ್ರಜೋಡಿಗಳ ನಡುವಿನ ಅಂತರವೂ ಹೆಚ್ಚು. ಒಂದರ ಕಿಟ್ಟಿಗೆ ಇನ್ನೊಂದರ ಡೆಕಾಲ್ (ಚಿಹ್ನೆ, ಸಂಖ್ಯೆಗಳ ತೆಳು ಅಂಟುಚಿತ್ರ) ಅಂಟಿಸಿ ತಪ್ಪಿಸಿಕೊಳ್ಳಲು ಇಲ್ಲಿ ದಾರಿಯಿಲ್ಲ.

ಛಾಯಾಚಿತ್ರವನ್ನು ಓದುವುದೂ ಒಂದು ವಿದ್ಯೆ. ಆ ಕಾಲದ ಕೆಲವು ಫಿಲ್ಮ್‌ಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಆರ್ಥೊಕ್ರೊಮ್ಯಾಟಿಕ್ ಎಂಬ ಆ ಬಗೆಯ ಫಿಲ್ಮಿನಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗಿ, ಹಳದಿ ಗಾಢವಾಗಿ, ನೀಲಿ ತಿಳಿಯಾಗಿ ಮೂಡುತ್ತದೆ. ಬ್ರಿಟಿಷ್ ವಿಮಾನದ ವೃತ್ತಚಿಹ್ನೆಯ ಹೊರಗಿನ ಹಳದಿ ಬಳೆ ಕಪ್ಪಾಗಿ ಕಂಡಾಗ, ಅಲ್ಲಿ ಬೇರೇನೋ ಬಣ್ಣವಿತ್ತೆಂದು ತೀರ್ಮಾನಿಸುವುದಕ್ಕೆ ಮುನ್ನ ಫಿಲ್ಮಿನ ಬಗೆ ಯಾವುದೆಂದು ಯೋಚಿಸಬೇಕು. ಇನ್ನು ಕಾಲವನ್ನು ಗುರುತಿಸಲು ವಿಮಾನದ ಮೈಯೇ ನೆರವಾಗುತ್ತದೆ. 1944ರ ಜೂನ್ 6ರ ಫ್ರಾನ್ಸಿನ ನಾರ್ಮಂಡಿ ತೀರದ ಮೇಲಿನ ದಾಳಿಗಾಗಿ ಮಿತ್ರಪಡೆಗಳ ವಿಮಾನಗಳ ರೆಕ್ಕೆ ಮತ್ತು ಒಡಲಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿದರು. ಒಂದು ಎಂಜಿನ್ನಿನ ವಿಮಾನದಲ್ಲಿ ಪ್ರತಿ ಪಟ್ಟೆಯ ಅಗಲ 18 ಅಂಗುಲ, ಅಂದರೆ 1/48ರ (ನಿಜದ ಅಳತೆಯ ನಲವತ್ತೆಂಟನೆಯ ಒಂದು ಪಾಲಿನ) ಮಾದರಿಯಲ್ಲಿ ಸುಮಾರು 9.5 ಮಿಲಿಮೀಟರ್. ಮುಂದಿನ ತಿಂಗಳು ಮೇಲ್ಮೈಯ ಪಟ್ಟೆಗಳನ್ನು ಅಳಿಸಲು ಆರಂಭಿಸಿದರು, ವರ್ಷ ಮುಗಿಯುವ ಹೊತ್ತಿಗೆ ಎಲ್ಲವೂ ಹೋಗಿದ್ದವು. ಒಡಲಿನ ಕೆಳಭಾಗದಲ್ಲಿ ಮಾತ್ರ ಪಟ್ಟೆ ಉಳಿದಿರುವ ಚಿತ್ರ ಸಿಕ್ಕರೆ ಕಾಲವನ್ನು ಬಹಳಷ್ಟು ಹತ್ತಿರದಿಂದ ಹಿಡಿದಂತಾಯಿತು. ಆ ಪಟ್ಟೆಗಳನ್ನು ದಾಳಿಗೆ ಒಂದೆರಡು ದಿನ ಮುಂಚೆ ನೆಲದ ಸಿಬ್ಬಂದಿ ಬ್ರಷ್ ಹಿಡಿದು ಅವಸರದಲ್ಲಿ ಬಳಿದದ್ದರಿಂದ ಹಲವು ವಿಮಾನಗಳಲ್ಲಿ ಅಂಚುಗಳು ಅಂಕುಡೊಂಕಾಗಿದ್ದವು. ನಾವು ಟೇಪ್ ಅಂಟಿಸಿ ಗೆರೆ ಕೊರೆದಂತೆ ಬಳಿದಾಗ ಕೈಗೆಲಸ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಆ ದಿನದ ವಿಮಾನಕ್ಕೆ ಹೋಲುವುದಿಲ್ಲ.

ನಾನೇ ಮಾಡಿದ ಒಂದು ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಬಹಳ ಹಿಂದೆ 1/48ರ ಪಿ-51ಡಿ ಮಸ್ಟಾಂಗ್ ಎಂಬ ಅಮೆರಿಕದ ಯುದ್ಧವಿಮಾನವೊಂದನ್ನು ಬಣ್ಣ ಬಳಿಯದ ಲೋಹದ ಮೈಯಲ್ಲಿ ಕಟ್ಟಿದೆ. ಕಿಟ್ಟಿನ ರೆಕ್ಕೆಯ ಮೇಲೆ ತಗಡುಗಳ ಸಂದುಗೆರೆಗಳೂ ಸಾಲು ಸಾಲು ರಿವೆಟ್‌ಗಳೂ ಸೊಗಸಾಗಿ ಕೊರೆದಿದ್ದವು. ಅವುಗಳಲ್ಲಿ ಕಪ್ಪು ವಾಶ್ (ನೀರಾಗಿಸಿದ ತೆಳು ಬಣ್ಣ) ತುಂಬಿ, ರೆಕ್ಕೆಯ ಒಂದೊಂದು ತಗಡಿಗೆ ಒಂದೊಂದು ಛಾಯೆಯ ಬೆಳ್ಳಿಬಣ್ಣ ಕೊಟ್ಟು, ತಿಂಗಳುಗಟ್ಟಲೆ ದುಡಿದೆ. ಆಮೇಲೆ ತಿಳಿದದ್ದು, ಮಸ್ಟಾಂಗ್‌ನ ರೆಕ್ಕೆಯ ವಿನ್ಯಾಸದ ಮರ್ಮವೇ ಗಾಳಿ ಅದರ ಮೇಲ್ಮೈಯಲ್ಲಿ ಕದಡದೆ ನಯವಾಗಿ ಹರಿಯುವುದರಲ್ಲಿದೆ ಎಂಬುದು. ಅದಕ್ಕಾಗಿ ಕಾರ್ಖಾನೆಯಲ್ಲಿಯೇ ರೆಕ್ಕೆಯ ಮುಂಭಾಗದ ಸಂದು ಮತ್ತು ರಿವೆಟ್‌ಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿಯ ಬಣ್ಣ ಬಳಿಯುತ್ತಿದ್ದರು. ಒಡಲು ಬರಿಯ ಲೋಹವಾಗಿ ಹೊಳೆಯುತ್ತಿದ್ದರೆ, ರೆಕ್ಕೆ ಮಾತ್ರ ಬಣ್ಣದ ಮಂದ ಬೆಳ್ಳಿಯಾಗಿ, ಗೆರೆಗಳಿಲ್ಲದೆ ಇರುತ್ತಿತ್ತು. ನಾನು ಅತ್ಯಂತ ಶ್ರದ್ಧೆಯಿಂದ ಎತ್ತಿ ತೋರಿಸಿದ್ದು ಆ ವಿಮಾನದಲ್ಲಿ ಕಣ್ಣಿಗೆ ಕಾಣದೇ ಇದ್ದ ಸಂಗತಿಯನ್ನೇ. ಇಂದು ಹಾರುತ್ತಿರುವ ಎಷ್ಟೋ ಮಸ್ಟಾಂಗ್‌ಗಳ ರೆಕ್ಕೆಗಳನ್ನು ಕನ್ನಡಿಯಂತೆ ಉಜ್ಜಿ ಹೊಳಪಿಸಿರುವುದರಿಂದ, ಅವುಗಳ ಬಣ್ಣದ ಚಿತ್ರಗಳನ್ನು ನೋಡಿ ಕಲಿತವರೆಲ್ಲ ಇದೇ ತಪ್ಪು ಮಾಡುತ್ತಾರೆ. ಪುನರುಜ್ಜೀವನಗೊಂಡ ವಿಮಾನ ಆಕಾರಕ್ಕೆ, ಚಕ್ರದ ಗೂಡಿಗೆ, ಕೊಳವೆಗಳ ಜೋಡಣೆಗೆ ಒಳ್ಳೆಯ ಸಾಕ್ಷಿ. ಬಣ್ಣಕ್ಕೂ ಮೇಲ್ಮೈಗೂ ಯುದ್ಧಕಾಲದ ಚಿತ್ರವೇ ಸಾಕ್ಷಿ.

ಈಗ ನಾನು ಮಸ್ಟಾಂಗ್ ಕಟ್ಟುವಾಗ ಬಂದೂಕು ಮತ್ತು ಮದ್ದುಗುಂಡಿನ ಮುಚ್ಚಳಗಳ ಅಂಚನ್ನು ಉಳಿಸಿಕೊಂಡು, ರೆಕ್ಕೆಯ ಮುಂಭಾಗದ ಮಿಕ್ಕ ಗೆರೆಗಳಿಗೆ ದಪ್ಪ ಪ್ರೈಮರನ್ನು ಬ್ರಷ್ಷಿನಿಂದ ಎರಡು ಸಲ ತುಂಬುತ್ತೇನೆ. ಪೂರ್ತಿ ಒಣಗಲು ಒಂದು ದಿನ ಬಿಟ್ಟು, ಸಣ್ಣ ಕಣದ ಸ್ಯಾಂಡ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಬೆರಳ ತುದಿಯಲ್ಲಿ ಸವರಿ ನೋಡುತ್ತೇನೆ. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ. ಆಮೇಲೆ ರೆಕ್ಕೆಗೆ ಬೆಳ್ಳಿ ಬಣ್ಣ, ಒಡಲಿಗೆ ಲೋಹದ ಹೊಳಪು. ಎರಡೂ ಒಂದೇ ಡಬ್ಬಿಯಿಂದ ಬರಬಾರದು. ಬಾಲದ ಬುಡದಲ್ಲಿ ಬೆನ್ನಿನುದ್ದಕ್ಕೂ ಇಳಿದು ಬರುವ ಸಣ್ಣ ರೆಕ್ಕೆಯಂಥ ಭಾಗ ಮೊದಲ ಪಿ-51ಡಿಗಳಲ್ಲಿ ಇರಲಿಲ್ಲ, ಕೆಲವಕ್ಕೆ ಆಮೇಲೆ ಜೋಡಿಸಿದರು. ಹಾಗಾಗಿ ಒಂದೇ ಕ್ರಮಸಂಖ್ಯೆಯ ವಿಮಾನ ಎರಡು ಚಿತ್ರಗಳಲ್ಲಿ ಎರಡು ರೂಪದಲ್ಲಿ ಕಾಣಬಹುದು. ನಿರ್ದಿಷ್ಟ ದಿನ ಮುಖ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಳತೆಯ ವಿಷಯದಲ್ಲಿ ನಂಬಿಕೆಗಿಂತ ಕ್ಯಾಲಿಪರ್ ಎಂಬ ಅಳತೆಯ ಉಪಕರಣ ಮೇಲು. ಪಿ-51ಡಿಯ ರೆಕ್ಕೆಯ ಹರವು 11.28 ಮೀಟರ್, ಉದ್ದ 9.83 ಮೀಟರ್, 1/48ಕ್ಕೆ ಇಳಿಸಿದರೆ 235 ಮತ್ತು 204.8 ಮಿಲಿಮೀಟರ್. ಕಿಟ್ಟಿನ ಭಾಗಗಳನ್ನು ಅಂಟಿಸುವ ಮೊದಲೇ ಟೇಪ್ ಹಾಕಿ ಜೋಡಿಸಿ ಇವುಗಳನ್ನು ಅಳೆಯಿರಿ. ಮುದ್ರಿತ ನಕ್ಷೆಯನ್ನೂ ಇದೇ ರೀತಿ ಪರೀಕ್ಷಿಸಬೇಕು, ಏಕೆಂದರೆ ನಕಲು ತೆಗೆಯುವಾಗ ನಕ್ಷೆ ಒಂದು ದಿಕ್ಕಿನಲ್ಲಿ ಹಿಗ್ಗಿರುವುದುಂಟು. ಅಂಥ ನಕ್ಷೆಯ ಮೇಲೆ ಇಟ್ಟು ನೋಡಿ ಸರಿಯಾದ ಕಿಟ್ಟನ್ನೇ ತಪ್ಪೆಂದು ಕತ್ತರಿಸಿದವರನ್ನು ಕಂಡಿದ್ದೇನೆ. ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಒಟ್ಟು ಉದ್ದದಲ್ಲಿದ್ದರೆ ನಾನು ಬಿಟ್ಟುಬಿಡುತ್ತೇನೆ. ಅದೇ ವ್ಯತ್ಯಾಸ ಕ್ಯಾನೊಪಿಯ (ಪೈಲಟ್‌ನ ಮೇಲಿನ ಪಾರದರ್ಶಕ ಮುಚ್ಚಳ) ಎತ್ತರದಲ್ಲಿದ್ದರೆ ವಿಮಾನದ ಮುಖಚಹರೆಯೇ ಕೆಡುತ್ತದೆ, ಅದನ್ನು ಬಿಡಲಾಗದು.

ಇದೇ ಲೆಕ್ಕವನ್ನು ತಿರುಗಿಸಿ ನೋಡುವುದು ಇನ್ನೂ ಉಪಯುಕ್ತ. ಮಾದರಿಯಲ್ಲಿ 0.2 ಮಿಲಿಮೀಟರ್ ಅಗಲದ ಒಂದು ಸಂದುಗೆರೆ 1/72ರಲ್ಲಿ ನಿಜವಾದ ವಿಮಾನದ ಮೇಲೆ 14 ಮಿಲಿಮೀಟರಿಗೂ ಹೆಚ್ಚಿನ ಬಿರುಕಾಗುತ್ತದೆ. ಕಿರುಬೆರಳು ತೂರುವಷ್ಟು ಬಿರುಕು ಬಿಟ್ಟ ವಿಮಾನದಲ್ಲಿ ಯಾರು ಹಾರಿಯಾರು? ರೆಕ್ಕೆಯ ಹಿಂದಿನ ಅಂಚು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಅದು 36 ಮಿಲಿಮೀಟರಿನ ಹಲಗೆ. ಆದ್ದರಿಂದ ಗೆರೆಗಳಿಗೆ ಕಡುಗಪ್ಪು ವಾಶ್ ಬೇಡ, ಮೈಬಣ್ಣಕ್ಕಿಂತ ತುಸು ಗಾಢವಾದ ಬೂದಿಯೋ ಕಂದೋ ಸಾಕು. ಹಿಂದಿನ ಅಂಚನ್ನು ಮಾತ್ರ ರೆಕ್ಕೆಯ ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಒಳಗಿನಿಂದ ಉಜ್ಜಿ ತೆಳುವಾಗಿಸಿ. ಅಂಟಿಸಿದ ಮೇಲೆ ಹೊರಗಿನಿಂದ ಉಜ್ಜಿದರೆ ಕೊರೆದ ವಿವರಗಳೆಲ್ಲ ಅಳಿದುಹೋಗುತ್ತವೆ.

ಬಣ್ಣದ ಸಂಖ್ಯೆಗಳನ್ನು ಕುರಿತು ಕೇಳಿದ್ದೀರಿ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595 ಎಂಬ ಬಣ್ಣಪಟ್ಟಿ ಹೊರಬಂದದ್ದು 1956ರಲ್ಲಿ. ಎರಡನೆಯ ಮಹಾಯುದ್ಧದ ಬಣ್ಣಕ್ಕೆ ಯಾರಾದರೂ ಆ ಪಟ್ಟಿಯ ಸಂಖ್ಯೆ ಕೊಟ್ಟಿದ್ದರೆ ಅದು ಹತ್ತಿರದ ಹೋಲಿಕೆಯೇ ಹೊರತು ಮೂಲವಲ್ಲ. ಸಂಖ್ಯೆಗಿಂತ ಆದೇಶದ ದಿನಾಂಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಉದಾಹರಣೆಗೆ, ಜರ್ಮನ್ ಟ್ಯಾಂಕುಗಳ ಮೂಲಬಣ್ಣ 1943ರ ಫೆಬ್ರವರಿಯಲ್ಲಿ ಗಾಢ ಬೂದಿಯಿಂದ ಮಂದ ಹಳದಿಗೆ ಬದಲಾಯಿತು, ಆ ಹಳದಿಯ ಮೇಲೆ ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಸಿಬ್ಬಂದಿಯೇ ಕಲಸಿ ಬಳಿಯುತ್ತಿದ್ದರು. ಒಂದೊಂದು ಟ್ಯಾಂಕಿನಲ್ಲಿ ಒಂದೊಂದು ಗಾಢತೆ ಇದ್ದದ್ದು ಸಹಜ. ಇದರ ಜೊತೆಗೆ ದೂರದ ಪ್ರಶ್ನೆ ಇದೆ. 1/72ರ ವಿಮಾನವನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದ ಹಾಗೆ, ಅಷ್ಟು ದೂರದಲ್ಲಿ ಯಾವ ಬಣ್ಣವೂ ತುಸು ತಿಳಿಯಾಗುತ್ತದೆ. ಎಷ್ಟು ಎಂಬುದಕ್ಕೆ ಸೂತ್ರ ಹುಡುಕಬೇಡಿ. ಶುದ್ಧ ಕಪ್ಪಿನ ಬದಲು ಗಾಢ ಬೂದಿ, ಶುದ್ಧ ಬಿಳಿಯ ಬದಲು ಒಂದೆರಡು ಹನಿ ಬೂದಿ ಬೆರೆತ ಬಿಳಿ ಬಳಸಿ, ಉಳಿದದ್ದನ್ನು ಕಣ್ಣು ತಿದ್ದುತ್ತದೆ. ಡೆಕಾಲ್ ಅಂಟಿಸುವ ಮುನ್ನ ಹೊಳಪಿನ ವಾರ್ನಿಶ್, ಅಂಟಿಸಿದ ಮೇಲೆ ಮಂದ ವಾರ್ನಿಶ್ ಎಂಬ ಕ್ರಮ ನಿಮಗೆ ಗೊತ್ತೇ ಇರುತ್ತದೆ.

ನಿಖರತೆಯಲ್ಲಿ ಹಲವರು ಮರೆಯುವುದು ನಿಲುವನ್ನು. ಟೈಗರ್ ಮತ್ತು ಸೋವಿಯತ್ ಟಿ-34 ಟ್ಯಾಂಕಿನಲ್ಲಿ ಟ್ರ್ಯಾಕಿನ (ಚಕ್ರಗಳ ಸುತ್ತಿನ ಉಕ್ಕಿನ ಪಟ್ಟಿಸರಪಳಿ) ಮೇಲಿನ ಹಾಸನ್ನು ಎತ್ತಿ ಹಿಡಿಯುವ ಸಣ್ಣ ಉರುಳೆಗಳಿಲ್ಲ. ಟನ್ನುಗಟ್ಟಲೆ ಉಕ್ಕು ದೊಡ್ಡ ಚಕ್ರಗಳ ನೆತ್ತಿಯ ಮೇಲೆಯೇ ಕುಳಿತು ಚಕ್ರದಿಂದ ಚಕ್ರಕ್ಕೆ ಜೋತುಬೀಳುತ್ತದೆ. ಕಿಟ್ಟಿನ ರಬ್ಬರಿನಂಥ ಟ್ರ್ಯಾಕನ್ನು ಬಿಗಿಯಾಗಿ ಎಳೆದು ಹಾಕಿದರೆ ಆ ಭಾರವೇ ಇಲ್ಲವಾಗುತ್ತದೆ. ಶರ್ಮನ್‌ಗೆ ಉರುಳೆಗಳಿವೆ, ಅದರ ಟ್ರ್ಯಾಕ್ ಬಿಗಿಯಾಗಿದ್ದರೇ ಸರಿ. ನಿಂತ ಮಸ್ಟಾಂಗ್‌ನಲ್ಲಿ ಹೈಡ್ರಾಲಿಕ್ ಒತ್ತಡ ಇಳಿಯುತ್ತಿದ್ದಂತೆ ಚಕ್ರದ ಗೂಡಿನ ಒಳಬಾಗಿಲುಗಳು ಜೋತುಬೀಳುತ್ತಿದ್ದವು, ರೆಕ್ಕೆಯ ಹಿಂದಿನ ಅಂಚಿನ ಫ್ಲಾಪ್ ಎಂಬ ಇಳಿಪಟ್ಟಿಗಳೂ ಎಷ್ಟೋ ಸಲ ಇಳಿಯುತ್ತಿದ್ದವು. ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಪೈಲಟ್‌ಗಳು ಇಳಿದ ಕೂಡಲೇ ಫ್ಲಾಪ್ ಮೇಲೆತ್ತುವುದು ರೂಢಿಯಾಗಿತ್ತು. ಬಾಲದ ಎಲಿವೇಟರನ್ನು (ಮೂತಿಯನ್ನು ಏರಿಸಿ ಇಳಿಸುವ ಪಟ್ಟಿ) ಕೆಳಕ್ಕೆ ಬಾಗಿಸಿದರೆ ಕಾಕ್‌ಪಿಟ್‌ನೊಳಗಿನ ನಿಯಂತ್ರಣದ ಕಡ್ಡಿ ಮುಂದಕ್ಕೆ ವಾಲಿರಬೇಕು, ಏಕೆಂದರೆ ಅವೆರಡನ್ನೂ ಒಂದೇ ತಂತಿ ಎಳೆಯುತ್ತದೆ. ಇವಾವುದಕ್ಕೂ ಬಿಡಿಭಾಗ ಕೊಳ್ಳಬೇಕಿಲ್ಲ.

ಹಾಗೆಂದು ಬಿಡಿಭಾಗಗಳು ವ್ಯರ್ಥವಲ್ಲ. ಲೇತಿನಲ್ಲಿ ಕಡೆದ ಲೋಹದ ಫಿರಂಗಿ ನಳಿಗೆ, ಹಿತ್ತಾಳೆಯ ಸೀಟ್ ಬೆಲ್ಟ್, ಟ್ಯಾಂಕಿನ ತೆಳುವಾದ ಮಡ್‌ಗಾರ್ಡ್ ಇವು ಪ್ಲಾಸ್ಟಿಕ್ಕಿನಲ್ಲಿ ಬಾರದ ತೆಳ್ಳನೆಯ ಅಂಚನ್ನು ಕೊಡುತ್ತವೆ. ನಾನು ಕೊಳ್ಳುವುದು ಬಹುಪಾಲು ಇಂಥವನ್ನೇ. ಮುಚ್ಚಿದ ಒಡಲಿನೊಳಗೆ ಅಡಗಿಹೋಗುವ ಎಂಜಿನ್ ಕೊಳ್ಳುವ ಬದಲು ಆ ವೇಳೆಯನ್ನು ಚಕ್ರ ಮತ್ತು ಕ್ಯಾನೊಪಿಗೆ ಕೊಡುತ್ತೇನೆ. ರೆಸಿನ್ ಕತ್ತರಿಸುವಾಗ, ಉಜ್ಜುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ನೀರು ಹಾಕಿಕೊಂಡೇ ಉಜ್ಜಿ. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನು ಎಲ್ಲಿ ನಿಲ್ಲಬೇಕೆಂಬುದು. ಒಂದು ಛಾಯಾಚಿತ್ರ ಒಂದು ಬದಿಯನ್ನು ಮಾತ್ರ ತೋರಿಸುತ್ತದೆ. ಕಾಣದ ಬದಿಗೆ ಅದೇ ಘಟಕದ, ಅದೇ ತಿಂಗಳುಗಳ ಬೇರೆ ಯಂತ್ರಗಳ ಚಿತ್ರಗಳನ್ನು ಆಧಾರ ಮಾಡಿಕೊಂಡು ಊಹಿಸುತ್ತೇನೆ, ಯಾವುದು ಕಂಡದ್ದು, ಯಾವುದು ಊಹೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೀಠದ ಅಡಿಯಲ್ಲಿ ಅಂಟಿಸುತ್ತೇನೆ. ಮುಂದೆ ಆ ಬದಿಯ ಚಿತ್ರ ಸಿಕ್ಕಾಗ ಏನನ್ನು ತಿದ್ದಬೇಕೆಂದು ಹುಡುಕಾಡಬೇಕಾಗುವುದಿಲ್ಲ. ಸಣ್ಣ ವಿವರಗಳ ವಿಷಯದಲ್ಲಿ ಲೆಕ್ಕವೇ ತೀರ್ಪು ಕೊಡಲಿ. ಮೂರು ಮಿಲಿಮೀಟರಿನ ಒಂದು ಸ್ಕ್ರೂ ತಲೆ 1/72ರಲ್ಲಿ 0.04 ಮಿಲಿಮೀಟರ್ ಆಗುತ್ತದೆ, ಬಣ್ಣದ ಪದರವೇ ಅದನ್ನು ಮುಚ್ಚಿಬಿಡುತ್ತದೆ. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಮೇಜಿನ ಮೇಲೆ ಮಾದರಿಯನ್ನಿಟ್ಟು, ಛಾಯಾಚಿತ್ರ ತೆಗೆದ ಕೋನದಿಂದಲೇ ಕಣ್ಣನ್ನು ತಗ್ಗಿಸಿ ನೋಡಿ, ಚಿತ್ರದಲ್ಲಿ ಕಾಣುವುದೆಲ್ಲ ಇಲ್ಲಿಯೂ ಕಂಡಾಗ ಬ್ರಷ್ ತೊಳೆದಿಡುತ್ತೇನೆ.