ಶಿಷ್ಯರ ನೆನಪಿಗೆ ಆರು ಪುಟ ಹೆಚ್ಚಾಯಿತೇ?

ಉಡುಪಿ ಅಂಬಲಪಾಡಿಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಕಳೆದ ಸಂಚಿಕೆಯನ್ನು ಓದಿ ದೀರ್ಘ ಪತ್ರ ಬರೆದಿದ್ದಾರೆ. ಮಂಗಳೂರಿನ ಬೆಂದೂರಿನಲ್ಲಿ ತಮ್ಮ ಮನೆಯ ಜಗಲಿಯಲ್ಲೇ ಗಿಟಾರ್ ಕಲಿಸುತ್ತಿದ್ದು ಈಚೆಗೆ ತೀರಿಕೊಂಡ ಮಾಸ್ಟರೊಬ್ಬರನ್ನು ಹಳೆಯ ಶಿಷ್ಯರು ನೆನೆದು ಬರೆದ ಬರಹಗಳಿಗೆ ನಾವು ಆರು ಪುಟ ಕೊಟ್ಟದ್ದು ಅವರಿಗೆ ಸರಿಕಂಡಿಲ್ಲ. ವೇದಿಕೆ ಏರದ, ಒಂದು ಧ್ವನಿಮುದ್ರಿಕೆಯನ್ನೂ ಹೊರತರದ ಟ್ಯೂಶನ್ ಮಾಸ್ಟರಿಗೆ ಇಷ್ಟು ಜಾಗ ಏಕೆ? ಶಿಷ್ಯರ ಮಾತುಗಳಾದರೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಂತಿ ಮೀಟುವ ಚಿಕ್ಕ ಬಿಲ್ಲೆಯಾದ ಪಿಕ್ ಮುಟ್ಟಲು ಮಾಸ್ಟರ್ ಬಿಡುತ್ತಲೇ ಇರಲಿಲ್ಲ ಎಂದು ಒಬ್ಬರು ಬರೆದರೆ, ಮೊದಲ ದಿನವೇ ಕೈಗೆ ಪಿಕ್ ಕೊಟ್ಟರು ಎಂದು ಇನ್ನೊಬ್ಬರು ಬರೆದಿದ್ದಾರೆ. ಗಿಟಾರಿನ ಮಹಾನ್ ಕಲಾವಿದ ಸೆಗೋವಿಯಾ ಸ್ವಂತವಾಗಿಯೇ ಕಲಿತವರಲ್ಲವೇ ಎಂಬುದು ಅವರ ಕೊನೆಯ ಪ್ರಶ್ನೆ.

ಮಾನ್ಯರೇ, ತಮ್ಮ ಒಂದು ಮಾತನ್ನು ಮೊದಲೇ ಒಪ್ಪುತ್ತೇವೆ. ಅಗಲಿದವರ ಬಗ್ಗೆ ಬರೆಯುವಾಗ ಹೊಗಳಿಕೆ ಅಳತೆ ಮೀರುತ್ತದೆ, ಮತ್ತು ಆ ಆರು ಪುಟಗಳಲ್ಲಿಯೂ ಕೈಬಿಡಬಹುದಾಗಿದ್ದ ಸಾಲುಗಳಿದ್ದವು. ಆದರೆ ತಾವು ದೋಷವೆಂದು ಎತ್ತಿ ತೋರಿಸಿದ ಆ ವ್ಯತ್ಯಾಸವೇ ಆ ಪುಟಗಳಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿಯೆಂದು ನಾವು ನಂಬಿದ್ದೇವೆ.

ಆಧುನಿಕ ಗಿಟಾರ್ ವಾದನಕ್ಕೆ ತಳಹದಿ ಹಾಕಿದ ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ (1852–1909) ತಮ್ಮ ಪಾಠಕ್ರಮವನ್ನು ಪುಸ್ತಕವಾಗಿ ಬರೆದಿಡಲಿಲ್ಲ. ಅವರು ಹೇಗೆ ಕಲಿಸುತ್ತಿದ್ದರೆಂಬುದು ಲೋಕಕ್ಕೆ ಗೊತ್ತಾದದ್ದು ಶಿಷ್ಯರಿಂದ. ಅವರಲ್ಲಿ ಎಮಿಲಿಯೊ ಪುಜೋಲ್ ಗುರುವಿನ ಪದ್ಧತಿಯನ್ನು ಕ್ರಮವಾಗಿ ಪಾಠಗಳಾಗಿ ಜೋಡಿಸಿ, 1934ರಿಂದ ಸಂಪುಟಗಳಾಗಿ ಹೊರತಂದರು. ಕೊನೆಗಾಲದಲ್ಲಿ ತಾರೆಗಾ ಉಗುರು ಕತ್ತರಿಸಿಕೊಂಡು ಬರಿಯ ಬೆರಳ ತುದಿಯಿಂದಲೇ ನುಡಿಸುತ್ತಿದ್ದರು. ಪುಜೋಲ್ ಅದನ್ನೇ ಹಿಡಿದು ಕಡೆಯವರೆಗೂ ನಡೆದರು. ಅದೇ ಗುರುವಿನ ಇನ್ನೊಬ್ಬ ಪ್ರಸಿದ್ಧ ಶಿಷ್ಯ ಮಿಗೆಲ್ ಯೊಬೆಟ್ ಉಗುರು ಬಳಸಿಯೇ ನುಡಿಸಿದರು. ಇಬ್ಬರಲ್ಲಿ ಯಾರ ಸಾಕ್ಷ್ಯವನ್ನು ತಾವು ತಳ್ಳಿಹಾಕುತ್ತೀರಿ? ಇನ್ನು ಸೆಗೋವಿಯಾ (1893–1987) ತಮಗೆ ತಾವೇ ಗುರುವೆಂದು ಹೇಳಿಕೊಂಡದ್ದು ನಿಜವೇ. ಹಾಗಿದ್ದೂ ಯೌವನದಲ್ಲಿ ಅವರು ಹುಡುಕಿಕೊಂಡು ಹೋದದ್ದು ಇದೇ ಯೊಬೆಟ್ ಅವರನ್ನು, ಮತ್ತು ಮುಂದೆ ಇಟಲಿಯ ಸಿಯೆನಾದಲ್ಲಿ ವರ್ಷವರ್ಷವೂ ಎಳೆಯರನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದವರೂ ಅವರೇ.

ಬೆಂದೂರಿನ ಜಗಲಿಗೆ ಮರಳೋಣ. ಪಿಕ್ ಬೇಡವೆನಿಸಿಕೊಂಡ ಹುಡುಗಿ ಬೆರಳಿನಿಂದಲೇ ನುಡಿಸುವ ನೈಲಾನ್ ತಂತಿಯ ಗಿಟಾರ್ ತಂದು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಸಿದ್ಧಳಾಗುತ್ತಿದ್ದವಳು. ಪಿಕ್ ಪಡೆದ ಹುಡುಗ ಇಗರ್ಜಿಯ ಗಾಯನವೃಂದಕ್ಕೆ ನುಡಿಸಬೇಕಾಗಿದ್ದವನು. ನೂರು ದನಿಗಳು ಒಟ್ಟಾಗಿ ಹಾಡುವಲ್ಲಿ ಬೆರಳ ತುದಿಯ ಮೃದುನಾದ ಮೂರನೆಯ ಬೆಂಚಿಗೂ ತಲುಪುವುದಿಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಇಗರ್ಜಿಯ ಪೂಜೆಯು ಜನರ ಭಾಷೆಗೆ ಬಂದಿತು, ಆರ್ಗನ್ನಿನ ಪಕ್ಕದಲ್ಲಿ ಗಿಟಾರಿಗೂ ಜಾಗ ದೊರೆಯಿತು. ಆಗ ಇಂತಹ ಹುಡುಗರ ಕೈಯನ್ನು ತಿದ್ದಿದವರು ಇಂತಹ ಮಾಸ್ಟರುಗಳೇ. ಬಂದವನ ಕೈ ನೋಡಿ, ಅವನು ಹೋಗಬೇಕಾದ ಜಾಗ ನೋಡಿ ಪಾಠ ಬದಲಿಸಿದ್ದು ಬೋಧಕನ ವಿವೇಕವೆಂದು ನಮಗೆ ತೋರುತ್ತದೆ.

ಎಫ್ ಕಾರ್ಡ್ ಎಂಬ ಸ್ವರಗುಚ್ಛವನ್ನು ಹಿಡಿಯಲು ಪ್ರಯತ್ನಿಸಿದ ಯಾರನ್ನಾದರೂ ಕೇಳಿ ನೋಡಿ. ತೋರುಬೆರಳನ್ನು ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಮೊದಲನೆಯದರ ಬಳಿ ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕು. ಗಿಟಾರ್ ಬಿಟ್ಟುಹೋಗುವವರಲ್ಲಿ ಅನೇಕರು ಇಲ್ಲಿಯೇ ಬಿಡುತ್ತಾರೆ. ಶಿಷ್ಯೆಯೊಬ್ಬರು ಬರೆದಂತೆ, ಮಾಸ್ಟರ್ ಎಂದೂ ಇನ್ನಷ್ಟು ಒತ್ತು ಎಂದು ಹೇಳಿದವರಲ್ಲ. ಬೆರಳನ್ನು ಕೊಂಚ ಹೊರಳಿಸಿ ಅದರ ಎಲುಬಿನ ಮಗ್ಗುಲು ತಂತಿಗೆ ತಾಗುವಂತೆ ಮಾಡಿಸುತ್ತಿದ್ದರು, ಮೊಣಕೈಯನ್ನು ಮೈಯತ್ತ ತಂದುಕೊಳ್ಳಲು ಹೇಳುತ್ತಿದ್ದರು, ಆಮೇಲೆ ಒಂದೊಂದೇ ತಂತಿಯನ್ನು ಮೀಟಿಸಿ ಯಾವುದು ನಾದ ಹೊರಡದೆ ಸತ್ತಿದೆಯೆಂದು ಮಗುವೇ ಕಂಡುಹಿಡಿಯುವವರೆಗೆ ಕಾಯುತ್ತಿದ್ದರು. ಪಾಠಕ್ಕೆ ಮುನ್ನ ಒಂದು ತಂತಿಯನ್ನು ಬೇಕೆಂದೇ ಸಡಿಲಿಸಿಟ್ಟು ಶ್ರುತಿ ಮಾಡಿಸುವುದು ಅವರ ರೂಢಿಯಾಗಿತ್ತು. ಐದನೆಯ ಫ್ರೆಟ್ಟಿನಲ್ಲಿ ಒತ್ತಿದ ತಂತಿಯೊಂದಿಗೆ ಮುಂದಿನ ತಂತಿಯನ್ನು ಹೊಂದಿಸಬೇಕು, ಮೂರನೆಯ ತಂತಿಯಲ್ಲಿ ಮಾತ್ರ ನಾಲ್ಕನೆಯ ಫ್ರೆಟ್ಟು. ಕಿವಿ ಒಪ್ಪುವವರೆಗೆ ಪಾಠವಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುವುದರಿಂದ, ಹಳೆಯ ಪಂಚೆಯ ತುಂಡಿನಿಂದ ಪ್ರತಿ ತಂತಿಯನ್ನೂ ಒರೆಸಿದ ಮೇಲೆಯೇ ಮನೆಗೆ ಹೊರಡಬೇಕಾಗಿತ್ತು. ಇವೆಲ್ಲ ಯಾವ ಪ್ರಶಸ್ತಿಪತ್ರದಲ್ಲಿಯೂ ಬರುವ ಮಾತುಗಳಲ್ಲ.

ನಮ್ಮ ನಿಜವಾದ ಅಸಮಾಧಾನವಿರುವುದು ಇಲ್ಲಿ. ಗುರುವಂದನೆಗೆ ನಮ್ಮ ಜಿಲ್ಲೆಗಳಲ್ಲಿ ಬರಗಾಲವಿಲ್ಲ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಎಲ್ಲವೂ ನಡೆಯುತ್ತವೆ. ದಪ್ಪನೆಯ ಅಭಿನಂದನ ಗ್ರಂಥಗಳೂ ಬರುತ್ತವೆ. ಅವುಗಳಲ್ಲಿ ಶಾಸಕರ ಶುಭಾಶಯವಿರುತ್ತದೆ, ಗುರುವಿನ ಸರಳತೆಯ ವರ್ಣನೆಯಿರುತ್ತದೆ. ಅವರು ಮೊದಲ ದಿನ ಏನು ಕಲಿಸಿದರು, ತಪ್ಪಿದಾಗ ಹೇಗೆ ತಿದ್ದಿದರು ಎಂಬುದನ್ನು ಹುಡುಕಿದರೆ ಒಂದು ಪ್ಯಾರಾವೂ ಸಿಗುವುದಿಲ್ಲ. ಚೆಂಡೆ ಮದ್ದಳೆ ಕಲಿಸಿದ ಎಷ್ಟೋ ಹಿರಿಯರ ಪಾಠಕ್ರಮ ಇಂದು ಶಿಷ್ಯರ ಕೈಬೆರಳುಗಳಲ್ಲಿ ಮಾತ್ರ ಉಳಿದಿದೆ, ಆ ಶಿಷ್ಯರಿಗೂ ವಯಸ್ಸಾಗುತ್ತಿದೆ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕಥೆಯನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಮಂಗಳೂರಿನ ಕಲಾನಿಕೇತನದಲ್ಲಿ ಅವರಿಗೆ ಪಾಠ ಹೇಳಿದ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಹೆಸರು ಎಷ್ಟು ಜನರ ಬಾಯಲ್ಲಿ ಬರುತ್ತದೆ? ಪಾಶ್ಚಾತ್ಯ ಊದುವಾದ್ಯದಲ್ಲಿ ಗಮಕ ಹೊರಡಿಸಲು ಹೊರಟ ತರುಣನಿಗೆ ಗುರು ಏನು ಹೇಳಿಕೊಟ್ಟರೆಂಬುದು, ನಮ್ಮ ದೃಷ್ಟಿಯಲ್ಲಿ, ಮುಂದೆ ಬಂದ ಪದ್ಮಶ್ರೀಗಿಂತ ಕಡಿಮೆ ಮಹತ್ವದ ವಿಷಯವಲ್ಲ. ‘ಕೊಂಕಣ್ ಕೋಗುಳ್’ (ಕೊಂಕಣಿ ಕೋಗಿಲೆ) ಎನಿಸಿದ ಗಾಯಕ ವಿಲ್ಫಿ ರೆಬಿಂಬಸ್ (1942–2010) ಅವರ ಹಾಡುಗಳು ಇಂದಿಗೂ ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದ ಚಪ್ಪರಗಳಲ್ಲಿ ಕೇಳಿಬರುತ್ತವೆ. ಅವುಗಳಿಗೆ ಗಿಟಾರ್ ನುಡಿಸುವ ಹುಡುಗರು ಯಾರ ಜಗಲಿಯಲ್ಲಿ ಕಲಿತು ಬಂದರೆಂದು ಯಾರೂ ವಿಚಾರಿಸುವುದಿಲ್ಲ.

ಆದುದರಿಂದ ಆರು ಪುಟ ಹೆಚ್ಚಾಯಿತೆಂಬ ತಮ್ಮ ಮಾತನ್ನು ಒಪ್ಪಲಾರೆವು. ಕಡಿಮೆಯಾಯಿತೆಂಬ ಕೊರಗು ನಮಗಿದೆ. ಆ ಶಿಷ್ಯರಲ್ಲಿ ಕೆಲವರ ಬಳಿ ಮಾಸ್ಟರ್ ಕೈಯಾರೆ ಬರೆದುಕೊಟ್ಟ ಅಭ್ಯಾಸದ ಪುಸ್ತಕಗಳಿವೆಯೆಂದು ತಿಳಿದುಬಂದಿದೆ. ಗೆದ್ದಲಿನ ಪಾಲಾಗುವ ಮೊದಲು ಅವುಗಳ ಪ್ರತಿ ಮಾಡಿಸಿ ನಮಗೆ ಕಳುಹಿಸಬೇಕೆಂದು ಅವರನ್ನು ಕೋರುತ್ತೇವೆ, ಆಯ್ದ ಪಾಠಗಳನ್ನು ಪ್ರಕಟಿಸುತ್ತೇವೆ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಬಾಲ್ಯದಲ್ಲಿ ಊರಿನ ಭಜನಾ ಮಂದಿರದಲ್ಲಿ ಹಿರಿಯರೊಬ್ಬರು ತಮಗೆ ಹಾರ್ಮೋನಿಯಂ ಹೇಳಿಕೊಟ್ಟರೆಂದು ಪತ್ರದ ನಡುವೆ ಎರಡೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ಇಡೀ ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಸಾಲು. ಇಷ್ಟು ಅಚ್ಚುಕಟ್ಟಾಗಿ ಬರೆಯಬಲ್ಲ ತಾವು ಅದನ್ನು ಅಷ್ಟಕ್ಕೇ ಬಿಡುವುದು ನ್ಯಾಯವಲ್ಲ. ತಿದಿಯನ್ನು ಎಡಗೈಯಲ್ಲಿ ಎಷ್ಟು ಒತ್ತಬೇಕೆಂದು ಅವರು ಹೇಗೆ ತೋರಿಸಿಕೊಟ್ಟರು ಎಂಬಲ್ಲಿಂದ ಆರಂಭಿಸಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ, ಪುಟಗಳ ಮಿತಿ ಹಾಕುವುದಿಲ್ಲ.

— ಸಂಪಾದಕ