ತೆಳ್ಳಗಿರುವವರಿಗೂ ಶುಗರ್ ಯಾಕೆ ಬರುತ್ತದೆ? ಹಿಂದಿನವರ ಊಟಕ್ಕೆ ಮರಳಿದರೆ ಹೋಗುತ್ತದಾ?

ನಿಮ್ಮ ಅಪ್ಪ ತೆಳ್ಳಗಿದ್ದಾರೆ, ಸಿಹಿ ಅಷ್ಟಾಗಿ ಮುಟ್ಟಲ್ಲ, ಆದರೂ ಐವತ್ತಕ್ಕೇ ಶುಗರ್ ಬಂತು. ಯಾವುದೋ ವಿಡಿಯೋದಲ್ಲಿ "ನಮ್ಮ ಮೈ ಬರಗಾಲಕ್ಕೆ ಒಗ್ಗಿದ್ದು, ಇದೆಲ್ಲ ವಿಕಾಸದ ಫಲ, ರಾಗಿ ಮುದ್ದೆಗೆ ಮರಳಿದರೆ ವಾಸಿ" ಅಂದರಂತೆ, ನಿಜವಾ ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುವವನು, ಡಾಕ್ಟರ್ ಅಲ್ಲ. ಮಾತ್ರೆ ವಿಷಯ ಅವರ ಡಾಕ್ಟರನ್ನೇ ಕೇಳಿ. ಯಾಕೆ ಬಂತು ಅನ್ನೋದರ ಬಗ್ಗೆ ಒಂದಿಷ್ಟು ಹೇಳುತ್ತೇನೆ.

ಬರಗಾಲದ ಆ ಕಥೆ ಹಳೆಯದು. ಅಮೆರಿಕದ ಜೇಮ್ಸ್ ನೀಲ್ 1962ರಲ್ಲಿ ಹೇಳಿದ್ದು. ಸಿಕ್ಕಾಗ ತಿಂದು ಕೊಬ್ಬು ಕೂಡಿಡುವ ಜೀನ್ ಇದ್ದವರು ಬರದಲ್ಲಿ ಉಳಿದುಕೊಂಡರು, ಈಗ ಹೊಟ್ಟೆ ತುಂಬಾ ಊಟ ಸಿಗುವ ಕಾಲದಲ್ಲಿ ಅದೇ ಜೀನ್ ಕಾಯಿಲೆ ತರುತ್ತಿದೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಅಂಥ ಜೀನ್‌ಗಳು ಇಷ್ಟು ಹುಡುಕಿದರೂ ಗಟ್ಟಿಯಾಗಿ ಕೈಗೆ ಸಿಕ್ಕಿಲ್ಲ. ಅದೂ ಅಲ್ಲದೆ, ಬರೀ ಕೊಬ್ಬು ಕೂಡಿಡುವುದೇ ಕಾರಣವಾಗಿದ್ದರೆ ನಿಮ್ಮ ಅಪ್ಪ ದಪ್ಪಗಿರಬೇಕಿತ್ತು, ಅಲ್ವಾ?

ಇದಕ್ಕಿಂತ ಒಳ್ಳೆ ಸುಳಿವು ನಮ್ಮ ಮೈಸೂರಲ್ಲೇ ಇದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಗೊತ್ತಲ್ಲ, ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಅಂತ ಅದರ ಪೂರ್ತಿ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಹೆರಿಗೆ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದರು. ಆ ಕಾಲದಲ್ಲಿ ತೂಕ ಪೌಂಡ್‌ನಲ್ಲಿ. 90ರ ದಶಕದಲ್ಲಿ ಸಂಶೋಧಕರು ಆಸ್ಪತ್ರೆ ಸುತ್ತಮುತ್ತ ಮನೆಮನೆ ತಿರುಗಿ, ಆ ಪುಸ್ತಕದಲ್ಲಿ ಮಕ್ಕಳಾಗಿದ್ದು ಈಗ ನಡುವಯಸ್ಸಿಗೆ ಬಂದಿದ್ದವರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ 517 ಜನರ ಲೆಕ್ಕ ಹೊರಬಂತು. ಹುಟ್ಟಿದಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಎರಡೂವರೆ ಕೆಜಿ ಒಳಗೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ. ಏಳು ಪೌಂಡ್ ದಾಟಿದವರಲ್ಲಿ ನೂರಕ್ಕೆ 3.

ಶುಗರ್‌ಗೂ ಹೀಗೇ ಇರುತ್ತದೆ ಅಂದುಕೊಂಡರೆ, ಇರಲಿಲ್ಲ! ಉದ್ದ ಕಡಿಮೆ ಇದ್ದು ಉದ್ದಕ್ಕೆ ಹೋಲಿಸಿದರೆ ತೂಕ ಜಾಸ್ತಿ, ಗುಂಡುಗುಂಡಗೆ ಹುಟ್ಟಿದವರಲ್ಲೇ ಶುಗರ್ ಜಾಸ್ತಿ ಕಂಡಿತು, ಅವರ ತಾಯಂದಿರೂ ಉಳಿದವರಿಗಿಂತ ತೂಕ ಇದ್ದವರು. ಬಸುರಿಯಲ್ಲಿ ಆ ತಾಯಂದಿರಿಗೇ ಸಣ್ಣಗೆ ಶುಗರ್ ಇದ್ದಿರಬೇಕು ಅಂತ ಸಂಶೋಧಕರ ಅಂದಾಜು. ನನಗೆ ಈ ಸಂಶೋಧನೆ ಇಷ್ಟವಾಗುವುದೇ ಇದಕ್ಕೆ. ಒಂದೇ ಕಥೆಯಲ್ಲಿ ಎಲ್ಲವನ್ನೂ ಹೇಳಿಬಿಡುವ ವಿಡಿಯೋದವರಿಗೆ ಇಂಥದ್ದು ಬೇಕಾಗಿರುವುದಿಲ್ಲ.

ಆಮೇಲೆ ಪುಣೆಯ ಡಾ. ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿ ಮಕ್ಕಳನ್ನು ಇಂಗ್ಲೆಂಡಿನ ಮಕ್ಕಳ ಜೊತೆ ಹೋಲಿಸಿತು. ನಮ್ಮ ಮಕ್ಕಳು ಸುಮಾರು 2.7 ಕೆಜಿ, ಅವರ ಮಕ್ಕಳು 3.5 ಕೆಜಿ. ಆದರೆ ಕಡಿಮೆಯಾಗಿದ್ದು ಹೆಚ್ಚಾಗಿ ಮಾಂಸಖಂಡ, ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಹೊಟ್ಟೆಯೊಳಗೆ ಆಹಾರ ಕಡಿಮೆ ಬಿದ್ದಾಗ ಭ್ರೂಣ ಮೊದಲು ಮೆದುಳನ್ನು ನೋಡಿಕೊಳ್ಳುತ್ತದೆ, ಮಾಂಸಖಂಡಕ್ಕೆ ಕತ್ತರಿ ಹಾಕುತ್ತದೆ. ಬದುಕಿ ಉಳಿಯಲು ಅದು ಸರಿಯಾದ ದಾರಿಯೇ. ಆದರೆ ಊಟದ ನಂತರ ರಕ್ತದಲ್ಲಿನ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಆ ಮಾಂಸಖಂಡವೇ. ಇನ್ನು ಐವತ್ತರ ಹೊತ್ತಿಗೆ ಬರುವ ಕಾಯಿಲೆಯನ್ನು ವಿಕಾಸ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ಮಕ್ಕಳು ಹುಟ್ಟಿ ಬೆಳೆದಿರುತ್ತಾರೆ. ನಿಮ್ಮ ಅಪ್ಪ ಹೀಗೇ ಹುಟ್ಟಿದ್ದರು ಅಂತ ನಾನು ಇಲ್ಲಿಂದ ಹೇಳಲಾರೆ, ಆದರೆ ನೋಡಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಸ್ವಲ್ಪ ಮುಂದಿರುವ ಗಂಡಸರು ನಮ್ಮ ಕಡೆ ಎಷ್ಟು ಜನ, ನೀವೇ ನೋಡಿ.

ಮುದ್ದೆ ವಿಷಯ. ನಾನೂ ಮುದ್ದೆ, ಬಸ್ಸಾರು ಬಿಟ್ಟು ಇರುವವನಲ್ಲ. ಆದರೆ ರಾಗಿಯೂ ಮುಖ್ಯವಾಗಿ ಪಿಷ್ಟವೇ, ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ರಾಗಿ ಬಂದದ್ದೂ ಆಫ್ರಿಕಾದಿಂದ, ವಿಕಾಸದ ಲೆಕ್ಕದಲ್ಲಿ ಮೊನ್ನೆ ಮೊನ್ನೆ. ಅಜ್ಜನ ಕಾಲದಲ್ಲಿ ಮುದ್ದೆ ತಿಂದವರು ಬೆಳಗಿನಿಂದ ಗದ್ದೆಯಲ್ಲಿ ಬೆವರು ಸುರಿಸಿರುತ್ತಿದ್ದರು, ಅದನ್ನು ಯಾರೂ ವಿಡಿಯೋ ಮಾಡುವುದಿಲ್ಲ.

ಅಪ್ಪನ ತೂಕ ನೋಡಿ ಸುಮ್ನೆ ಸಮಾಧಾನ ಪಡಬೇಡಿ, ಸೊಂಟಕ್ಕೆ ಟೇಪ್ ಹಿಡಿಯಿರಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ಊಟ ಆದ ಮೇಲೆ ನಡೆಯಲಿ, ಡಾಕ್ಟರ್ ಒಪ್ಪಿದರೆ ಒಂಚೂರು ಭಾರ ಎತ್ತುವ ಕೆಲಸವೂ ಇರಲಿ, ಮಾಂಸಖಂಡ ಈ ವಯಸ್ಸಲ್ಲೂ ಬೆಳೆಯುತ್ತದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ಅಕ್ಕನೋ ತಂಗಿಯೋ ಬಸುರಿ ಇದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವ ಪರೀಕ್ಷೆ ತಪ್ಪಿಸಬೇಡಿ. ಮೊದಲ ಸಲ ತೋರಿಸಲು ಹೋದಾಗಲೇ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. ಅದೇ ಮಿಷನ್ ಆಸ್ಪತ್ರೆಯಲ್ಲಿ 1997-98ರ ಸುಮಾರಿಗೆ ಹುಟ್ಟಿದ ಮಕ್ಕಳನ್ನೂ ಹೀಗೇ ನೋಡುತ್ತಾ ಬಂದಿದ್ದಾರೆ. ಬಸುರಿಯಲ್ಲಿ ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಎರಡೂ ಜಾಸ್ತಿ ಇತ್ತು.