ಲ್ಯಾಂಡ್‌ಸ್ಕೇಪ್ ಫೋಟೋ ತೋರಿಸಿದರೆ ಎಲ್ಲರೂ ಬರೀ ‘ಸೂಪರ್’ ಅಂತಾರೆ. ಉಪಯೋಗಕ್ಕೆ ಬರುವ ಅಭಿಪ್ರಾಯ ಪಡೆಯುವುದು ಹೇಗೆ?

ತಪ್ಪು ಅವರದ್ದಲ್ಲ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನದೆ ಇನ್ನೇನು ಹೇಳಿಯಾರು? ‘ಮುಂಭಾಗದ ಬಂಡೆ ಕಣ್ಣನ್ನು ಬೆಟ್ಟದವರೆಗೆ ಕರೆದೊಯ್ಯುತ್ತದೆಯೇ, ಅಲ್ಲೇ ತಡೆದು ನಿಲ್ಲಿಸುತ್ತದೆಯೇ?’ ಎಂದು ಕೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ಒಂದೇ ಸಲಕ್ಕೆ ಹತ್ತು ಫೋಟೋ ಸುರಿಯಬೇಡಿ, ಒಂದು ಸಾಕು. ಜೊತೆಗೆ ಕ್ಯಾಮೆರಾ ಸೆಟ್ಟಿಂಗ್‌ಗಳನ್ನೂ ಬರೆಯಿರಿ: ಫೋಕಲ್ ಲೆಂತ್ (ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ತರುತ್ತದೆ), ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರದ ಅಳತೆ), ಶಟರ್ ಸ್ಪೀಡ್ (ಬೆಳಕನ್ನು ಎಷ್ಟು ಹೊತ್ತು ಒಳಬಿಡಲಾಗಿದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ). ನಾನೊಮ್ಮೆ ಜಲಪಾತದ ಚಿತ್ರ ತೋರಿಸಿ ‘ಯಾಕೋ ಶಾರ್ಪ್ ಇಲ್ಲ, ಲೆನ್ಸೇ ಸರಿಯಿಲ್ಲ’ ಎಂದು ಗೊಣಗಿದ್ದೆ. ಕೆಳಗೆ ಬರೆದಿದ್ದ ಅಪರ್ಚರ್ ಎಫ್/22 ನೋಡಿ ಗೆಳೆಯ ನಕ್ಕುಬಿಟ್ಟ. ಈ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು. ಅಷ್ಟು ಕಿರಿದಾದ ರಂಧ್ರದಲ್ಲಿ ಹಾಯುವಾಗ ಬೆಳಕು ಹರಡಿಕೊಂಡು ಸಣ್ಣ ವಿವರಗಳು ಮಸುಕಾಗುತ್ತವೆ. ಇದಕ್ಕೆ ಡಿಫ್ರ್ಯಾಕ್ಷನ್ ಎನ್ನುತ್ತಾರೆ. ‘ಎಫ್/11 ಇಟ್ಟುಕೋ, ನೀರು ರೇಷ್ಮೆಯಂತೆ ಕಾಣಬೇಕಿದ್ದರೆ ಬೆಳಕು ತಗ್ಗಿಸಿ ಶಟರ್ ಹೆಚ್ಚು ಹೊತ್ತು ತೆರೆದಿಡಲು ಬಿಡುವ ಎನ್‌ಡಿ ಫಿಲ್ಟರ್ ಹಾಕು’ ಎಂದ. ಆ ಸಂಖ್ಯೆ ಬರೆಯದೇ ಇದ್ದಿದ್ದರೆ ಇವತ್ತಿಗೂ ಲೆನ್ಸನ್ನೇ ಬಯ್ಯುತ್ತಿದ್ದೆ!

ಕಳಿಸುವ ಮುನ್ನ ಫೈಲನ್ನು ಎಸ್‌ಆರ್‌ಜಿಬಿಗೆ (ಸಾಮಾನ್ಯ ಪರದೆಗಳು ಬಳಸುವ ಬಣ್ಣ ವ್ಯವಸ್ಥೆಗೆ) ಬದಲಿಸಿ. ಹೆಚ್ಚು ಬಣ್ಣಗಳನ್ನು ಒಳಗೊಳ್ಳುವ ಅಡೋಬಿ ಆರ್‌ಜಿಬಿ ವ್ಯವಸ್ಥೆಯಲ್ಲೇ ಬಿಟ್ಟರೆ ಕೆಲವರ ಪರದೆಯಲ್ಲಿ ಹಸಿರು ಸಪ್ಪೆಯಾಗಿ ಕಂಡು, ಚರ್ಚೆಯೆಲ್ಲ ಇಲ್ಲದ ಬಣ್ಣದೋಷದ ಸುತ್ತಲೇ ಗಿರಕಿ ಹೊಡೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗುತ್ತದೆ. ಜನ ನುಗ್ಗಿದರೆ ಹಾಳಾಗುವಂಥ ಜಾಗವಾಗಿದ್ದರೆ ಫೈಲ್‌ನಲ್ಲಿರುವ ಜಿಪಿಎಸ್ ಮಾಹಿತಿ ಅಳಿಸಿಬಿಡಿ.

ಇನ್ನು, ಟೀಕೆ ಬಂದ ಕೂಡಲೇ ‘ಅಲ್ಲಿ ನಿಲ್ಲೋಕೆ ಜಾಗ ಇರಲಿಲ್ಲ’ ಎಂದು ಸಮರ್ಥನೆಗೆ ಇಳಿಯಬೇಡಿ. ನೋಡುವವರ ಮುಂದಿರುವುದು ಚಿತ್ರ ಮಾತ್ರ, ನೀವು ಹತ್ತಿದ ಗುಡ್ಡ ಅಲ್ಲ.